ಜರ್ನಲ್‌ನ ಪ್ರಧಾನ ಸಂಪಾದಕರಾಗಿ ಹೊಣೆ ಹೊರುವಾಗ: ಮೊದಲು ಬಾಕಿ, ಆಮೇಲೆ ಬದಲಾವಣೆ

ಸಂಶೋಧನಾ ಜರ್ನಲ್ ಒಂದರ ಪ್ರಧಾನ ಸಂಪಾದಕನಾದ ಮೊದಲ ದಿನ ನಾನು ಮಾಡಿದ್ದು ಇಷ್ಟೇ: ಸಬ್‌ಮಿಷನ್ ವ್ಯವಸ್ಥೆಗೆ ಲಾಗಿನ್ ಆಗಿ, ತೀರ್ಮಾನವಾಗದೆ ಉಳಿದ ಲೇಖನಗಳ ಪಟ್ಟಿಯನ್ನು ಹಳೆಯದು ಮೇಲೆ ಬರುವಂತೆ ಜೋಡಿಸಿದೆ. ಎಲ್ಲಕ್ಕಿಂತ ಮೇಲೆ ಬಂದ ಲೇಖನ ಸಲ್ಲಿಕೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಅದನ್ನು ಪರಿಶೀಲಿಸಿದ ಇಬ್ಬರು ವಿಷಯತಜ್ಞ ವಿಮರ್ಶಕರೂ ವರದಿ ಕೊಟ್ಟು ಒಂಬತ್ತು ತಿಂಗಳಾಗಿತ್ತು. ಇಬ್ಬರದೂ ಒಂದೇ ಮಾತು, ಸಣ್ಣಪುಟ್ಟ ತಿದ್ದುಪಡಿ ಮಾಡಿದರೆ ಪ್ರಕಟಿಸಬಹುದು. ಪಕ್ಕದ ಅಂಕಣದಲ್ಲಿ ಮಾತ್ರ ‘ಸಂಪಾದಕರ ನಿರ್ಧಾರ ಬಾಕಿ’ ಎಂಬ ಸಾಲು ಕದಲದೆ ಕೂತಿತ್ತು. ಲೇಖಕರ ಮೂರು ಪತ್ರಗಳೂ ಅಲ್ಲೇ ಇದ್ದವು. ಮೊದಲನೆಯದು ವಿನಯದ್ದು, ಎರಡನೆಯದು ಇನ್ನೂ ವಿನಯದ್ದು, ಮೂರನೆಯದು ಒಂದೇ ಸಾಲು: ‘ನಮ್ಮ ಲೇಖನ ಇನ್ನೂ ನಿಮ್ಮ ಬಳಿ ಇದೆಯೇ?’

ಹೊಸ ಸಂಪಾದಕರ ತಲೆಯಲ್ಲಿ ಸಾಮಾನ್ಯವಾಗಿ ಬೇರೆಯದೇ ಓಡುತ್ತಿರುತ್ತದೆ. ಹೊಸ ವಿಭಾಗ, ವಿಶೇಷ ಸಂಚಿಕೆ, ಜಾಲತಾಣಕ್ಕೆ ಹೊಸ ವಿನ್ಯಾಸ, ಮೊದಲ ಸಂಪಾದಕೀಯದಲ್ಲಿ ಬರೆಯಬೇಕಾದ ದೊಡ್ಡ ಮಾತುಗಳು. ನನ್ನ ತಲೆಯಲ್ಲೂ ಅದೇ ಇತ್ತು. ಆ ಮೂರನೆಯ ಪತ್ರ ಓದಿದ ಮೇಲೆ ಸಂಪಾದಕೀಯವನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದೆ. ಕೆಳಗೆ ಹೇಳಿರುವುದೆಲ್ಲ ಆ ಕ್ರಮದಲ್ಲೇ ಇದೆ. ಹಿಂದಿನವರ ಕಾಲದ ಬಾಕಿ ತೀರುವವರೆಗೆ ನಿಮ್ಮ ಯೋಜನೆಗಳಿಗೆ ಕಿವಿಗೊಡುವವರು ಯಾರೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಹೂಂ ಅನ್ನುವ ಮುನ್ನ

ಆಹ್ವಾನ ಬಂದಾಗ ಖುಷಿಯಾಗುವುದು ಸಹಜ. ಆ ಖುಷಿಯಲ್ಲೇ ಒಪ್ಪಿಗೆ ಬರೆದು ಕಳಿಸಬೇಡಿ. ಕೆಲವು ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಬರಹದಲ್ಲೇ ಬೇಕು.

ಜರ್ನಲ್‌ನ ಹೆಸರು ಯಾರ ಸ್ವತ್ತು? ವಿದ್ವತ್ ಸಂಘದ್ದೋ, ಪ್ರಕಾಶನ ಸಂಸ್ಥೆಯದೋ? ಇದು ಕಾನೂನಿನವರ ತಲೆನೋವು ಅಂತ ಬಿಟ್ಟುಬಿಡುವ ವಿಷಯವಲ್ಲ. 2015ರಲ್ಲಿ ಭಾಷಾವಿಜ್ಞಾನದ ‘ಲಿಂಗ್ವಾ’ ಜರ್ನಲ್‌ನ ಆರೂ ಸಂಪಾದಕರು ಮತ್ತು ಮಂಡಳಿಯ 31 ಸದಸ್ಯರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಹೆಸರು ಪ್ರಕಾಶಕ ಎಲ್ಸೆವಿಯರ್ ಬಳಿಯೇ ಉಳಿಯಿತು, ಹೊರಬಂದವರು ‘ಗ್ಲೊಸಾ’ ಎಂಬ ಹೊಸ ಹೆಸರಿನಲ್ಲಿ ಶುರುಮಾಡಬೇಕಾಯಿತು. 2023ರಲ್ಲಿ ‘ನ್ಯೂರೋಇಮೇಜ್’ನ ನಲವತ್ತಕ್ಕೂ ಹೆಚ್ಚು ಸಂಪಾದಕರು ಪ್ರಕಟಣಾ ಶುಲ್ಕ ಅತಿಯಾಯಿತೆಂದು ಹೊರನಡೆದು ‘ಇಮೇಜಿಂಗ್ ನ್ಯೂರೋಸೈನ್ಸ್’ ಕಟ್ಟಿದ್ದೂ ಹೀಗೆಯೇ. ನಿಮಗೆ ಜಗಳವಾಡುವ ಉದ್ದೇಶ ಇರಲಿಕ್ಕಿಲ್ಲ. ಆದರೂ ಮನೆ ಬಾಡಿಗೆಯದೋ ಸ್ವಂತದ್ದೋ ಗೊತ್ತಿಲ್ಲದೆ ಗೋಡೆಗೆ ಮೊಳೆ ಹೊಡೆಯಬಾರದು.

ನಿಮ್ಮನ್ನು ತೆಗೆಯುವ ಅಧಿಕಾರ ಯಾರಿಗೆ, ಯಾವ ಕಾರಣಕ್ಕೆ? 1999ರ ಜನವರಿಯಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಜರ್ನಲ್ ‘ಜಾಮಾ’ದ ಸಂಪಾದಕ ಜಾರ್ಜ್ ಲುಂಡ್‌ಬರ್ಗ್ ಅವರನ್ನು ಒಂದು ಲೇಖನ ಪ್ರಕಟಿಸಿದ ಸಮಯ ರಾಜಕೀಯದ್ದು ಎಂಬ ಕಾರಣ ಕೊಟ್ಟು ತೆಗೆದುಹಾಕಿತು. ಅದೇ ವರ್ಷ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನ ಜೆರೋಮ್ ಕ್ಯಾಸಿರರ್ ಹೊರಹೋಗಬೇಕಾಯಿತು. ಅಲ್ಲಿ ಜಗಳ ನಡೆದದ್ದು ಜರ್ನಲ್‌ನ ಹೆಸರನ್ನು ಬೇರೆ ಉತ್ಪನ್ನಗಳಿಗೆ ಬಳಸುವ ಬಗ್ಗೆ. 2006ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಜರ್ನಲ್‌ನಲ್ಲಿ ಜಾನ್ ಹೋಯ್ ಅವರ ಸರದಿ. ಇವರೆಲ್ಲ ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರೇ, ಆದರೂ ಹೆಸರು ಕೈ ಹಿಡಿಯಲಿಲ್ಲ. ಹಾಗಾಗಿ ಒಪ್ಪಂದದಲ್ಲಿ ಒಂದು ಸಾಲು ಇರಲೇಬೇಕು: ಯಾವ ಲೇಖನ ಪ್ರಕಟವಾಗಬೇಕು, ಯಾವಾಗ ಆಗಬೇಕು ಎಂಬುದು ಸಂಪಾದಕರ ತೀರ್ಮಾನ, ಮಾಲೀಕರದ್ದಲ್ಲ.

ಇನ್ನು ಸಂಭಾವನೆ. ಕೊಟ್ಟರೆ ತೆಗೆದುಕೊಳ್ಳಿ, ನಾಚಿಕೆಪಡುವಂಥದ್ದೇನಿಲ್ಲ. ಆದರೆ ಅದು ಒಪ್ಪಿಕೊಂಡ ಲೇಖನಗಳ ಲೆಕ್ಕದ ಮೇಲೆ ನಿಂತಿದ್ದರೆ ಬೇಡ ಅನ್ನಿ. ವರ್ಷಕ್ಕೆ ಇಷ್ಟು ಲೇಖನ ಬರಲೇಬೇಕು ಎಂಬ ಗುರಿ ಇದ್ದರೂ ಅಷ್ಟೇ. ಲೇಖಕರು ಹಣ ಕೊಟ್ಟು, ಓದುಗರು ಉಚಿತವಾಗಿ ಓದುವ ಓಪನ್ ಆಕ್ಸೆಸ್ ಜರ್ನಲ್‌ನಲ್ಲಂತೂ ಇಂಥ ಗುರಿ ನಿಮ್ಮ ಪ್ರತಿ ನಿರ್ಧಾರದ ಬೆನ್ನ ಹಿಂದೆ ನಿಂತಿರುತ್ತದೆ. ಅವಧಿ ಎಷ್ಟು ವರ್ಷ, ಕಚೇರಿ ಕೆಲಸಕ್ಕೆ ಯಾರಿದ್ದಾರೆ, ಕಾನೂನು ನೋಟಿಸ್ ಬಂದರೆ ವಕೀಲರ ಖರ್ಚು ಯಾರದು, ಇವನ್ನೂ ಈಗಲೇ ಕೇಳಿಬಿಡಿ.

ಹಳೆಯ ಸಂಪಾದಕರ ಜೊತೆ ಎರಡು ಸಲ ಕೂರಿ

ಒಂದು ಸಲ ಅಧಿಕಾರ ವಹಿಸಿಕೊಳ್ಳುವ ಮೊದಲು, ಇನ್ನೊಂದು ಸಲ ಆರು ವಾರ ಆದಮೇಲೆ. ಮೊದಲ ಸಲ ಏನು ಕೇಳಬೇಕೆಂದೇ ನಿಮಗೆ ಗೊತ್ತಿರುವುದಿಲ್ಲ. ಎರಡನೇ ಸಲಕ್ಕೆ ಪ್ರಶ್ನೆಗಳು ತಾವಾಗಿಯೇ ಹುಟ್ಟಿರುತ್ತವೆ.

ಕೇಳಬೇಕಾದದ್ದು ಕಂಪ್ಯೂಟರಿನಲ್ಲಿ ಇಲ್ಲದ ಸಂಗತಿಗಳನ್ನು. ಯಾವ ಸಮ್ಮೇಳನದಲ್ಲಿ ಯಾರಿಗೆ ವಿಶೇಷ ಸಂಚಿಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ? ಯಾವ ಲೇಖಕರ ಮೇಲೆ ದೂರು ಬಂದು ವಿಚಾರಣೆ ಅರ್ಧಕ್ಕೆ ನಿಂತಿದೆ? ಯಾವ ಇಬ್ಬರು ವಿಮರ್ಶಕರಿಗೆ ಪರಸ್ಪರರ ಲೇಖನ ಕಳಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ? ತಿರಸ್ಕಾರದ ವಿರುದ್ಧ ಮೇಲ್ಮನವಿ ಹಾಕಿ ಕಾಯುತ್ತಿರುವವರು ಯಾರು? ಇಂಥವು ಮಾತಿನ ನಡುವೆ, ‘ಅಂದ ಹಾಗೆ…’ ಎಂದು ಶುರುವಾಗುವ ವಾಕ್ಯಗಳಲ್ಲಿ ಹೊರಬರುತ್ತವೆ. ಆದ್ದರಿಂದ ಅವಸರ ಮಾಡಬೇಡಿ.

ಜೊತೆಗೆ ಬೀಗದ ಕೈಗಳು. ಜರ್ನಲ್‌ನ ಇಮೇಲ್, ಡೊಮೇನ್ ಹೆಸರು ನವೀಕರಿಸುವ ಖಾತೆ, ಡಿಓಐ (ಪ್ರತಿ ಲೇಖನದ ಶಾಶ್ವತ ಗುರುತು ಸಂಖ್ಯೆ) ನೋಂದಣಿಗೆ ಕ್ರಾಸ್‌ರೆಫ್ ಸಂಸ್ಥೆಯಲ್ಲಿರುವ ಖಾತೆ, ಲೇಖನಗಳನ್ನು ಹುಡುಕಲು ಪಟ್ಟಿಮಾಡುವ ಸೂಚಿ ಸಂಸ್ಥೆಗಳಲ್ಲಿ ಸಂಪರ್ಕಕ್ಕೆ ಕೊಟ್ಟಿರುವ ವಿಳಾಸ. ಹಳೆಯ ಸಂಚಿಕೆಗಳು ಕ್ಲಾಕ್ಸ್, ಪೋರ್ಟಿಕೊದಂಥ ಸಂರಕ್ಷಣಾ ಭಂಡಾರದಲ್ಲಿ ನಿಜಕ್ಕೂ ಸೇರುತ್ತಿವೆಯೇ ಎಂಬುದನ್ನೂ ನೋಡಿ. ಸಣ್ಣ ಜರ್ನಲ್‌ಗಳಲ್ಲಿ ಇವೆಲ್ಲ ಒಬ್ಬರ ಸ್ವಂತ ಇಮೇಲ್‌ಗೆ ಅಂಟಿಕೊಂಡಿರುತ್ತವೆ. ಅವರು ನಿವೃತ್ತರಾದರೆ, ಸಂಸ್ಥೆ ಬದಲಿಸಿದರೆ ಮುಗಿಯಿತು. ಮೊದಲ ವಾರವೇ ಎಲ್ಲವನ್ನೂ ಹುದ್ದೆಯ ಹೆಸರಿನ ವಿಳಾಸಕ್ಕೆ ವರ್ಗಾಯಿಸಿ. ನಾನು ಇದನ್ನು ಎರಡನೇ ತಿಂಗಳಿಗೆ ಬಿಟ್ಟೆ. ಪತ್ರಗಳು ಒಬ್ಬರ ಸ್ವಂತ ಇಮೇಲ್‌ಗೆ ಹೋಗುತ್ತಿದ್ದರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ.

ಒಂದು ತಕರಾರು ಬಂದೇ ಬರುತ್ತದೆ. ಹಿಂದಿನವರು ‘ತಿದ್ದಿ ಕಳಿಸಿ’ ಎಂದ ಲೇಖನ ತಿದ್ದಿಕೊಂಡು ನಿಮ್ಮ ಕಾಲದಲ್ಲಿ ವಾಪಸ್ಸು ಬರುತ್ತದೆ. ನಿಮಗೆ ಅದು ಹಿಡಿಸಲಿಲ್ಲ. ಈಗ ಏನು? ನನ್ನ ಉತ್ತರ ಖಚಿತ: ಆ ಮಾತನ್ನು ಕೊಟ್ಟದ್ದು ವ್ಯಕ್ತಿಯಲ್ಲ, ಜರ್ನಲ್. ಕೇಳಿದ ತಿದ್ದುಪಡಿ ಮಾಡಿದ್ದರೆ ನಡೆಸಿಕೊಡಬೇಕು. ದತ್ತಾಂಶದಲ್ಲೇ ದೋಷ ಕಂಡರೆ ಬೇರೆ ಮಾತು. ‘ನನ್ನ ಅಭಿರುಚಿ ಬೇರೆ’ ಎಂಬುದು ದೋಷದ ಲೆಕ್ಕಕ್ಕೆ ಬರುವುದಿಲ್ಲ.

ಬಾಕಿ ತೀರಿಸುವುದು

ಮೊದಲ ಎರಡು ತಿಂಗಳು ಬಹುಪಾಲು ಸಮಯ ಇದಕ್ಕೇ ಹೋಗಲಿ. ಬಾಕಿ ಲೇಖನಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದ ಮೇಲೆ, ಎಲ್ಲಿ ಸಿಕ್ಕಿಕೊಂಡಿವೆ ಎಂಬುದರ ಪ್ರಕಾರ ಬೇರ್ಪಡಿಸಿ. ಒಂದೊಂದಕ್ಕೂ ಮದ್ದು ಬೇರೆ.

ಎರಡು ವರದಿ ಬಂದೂ ನಿರ್ಧಾರವಾಗದವು ಮೊದಲು. ಇವು ನಿಮ್ಮ ಕಡೆಯ ತಪ್ಪಿನಿಂದ ನಿಂತವು, ಬೇರೆ ಯಾರನ್ನೂ ದೂರುವ ಹಾಗಿಲ್ಲ. ದಿನಕ್ಕೆ ಎರಡರಂತೆ ಓದಿ ಪತ್ರ ಬರೆಯಿರಿ. ಮೂರನೇ ವರದಿಗಾಗಿ ಕಾಯುವ ಚಟ ಕೆಲವು ಸಹ ಸಂಪಾದಕರಿಗೆ ಇರುತ್ತದೆ. ಎರಡು ವರದಿ ಒಂದೇ ದಿಕ್ಕಿಗಿದ್ದರೆ ಮೂರನೆಯದು ಯಾಕೆ ಬೇಕು?

ಒಂದೇ ವರದಿ ಬಂದು, ಎರಡನೆಯವರು ನಾಪತ್ತೆಯಾದವು ಆಮೇಲೆ. ನಾಲ್ಕನೇ ಜ್ಞಾಪನೆ ಕಳಿಸಿ ಪ್ರಯೋಜನವಿಲ್ಲ. ಅವರನ್ನು ಬಿಡುಗಡೆ ಮಾಡಿ. ಮಂಡಳಿಯಲ್ಲಿ ವಿಷಯ ಬಲ್ಲ ಒಬ್ಬರಿಗೆ ನೇರ ಬರೆದು, ‘ಪೂರ್ತಿ ವರದಿ ಬೇಡ, ವಿಧಾನದ ಭಾಗ ಸರಿಯಿದೆಯೇ ಎಂದು ಹತ್ತು ದಿನದಲ್ಲಿ ಒಂದು ಪುಟ ಬರೆದುಕೊಡಿ’ ಎಂದು ಕೇಳಿ. ಕೆಲಸ ಸಣ್ಣದು, ಗಡುವು ಖಚಿತ ಎಂದರೆ ಜನ ಒಪ್ಪುತ್ತಾರೆ.

ಯಾರೂ ಮುಟ್ಟದೆ ಉಳಿದವು ಕೊನೆಗೆ. ಇವುಗಳಲ್ಲಿ ಕೆಲವು ಬಂದ ವಾರವೇ ವಾಪಸ್ಸು ಹೋಗಬೇಕಿದ್ದವು, ಜರ್ನಲ್‌ನ ವ್ಯಾಪ್ತಿಗೇ ಸೇರದವು. ಐದು ತಿಂಗಳು ಇಟ್ಟುಕೊಂಡು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆಯುವಾಗ ಕೈ ನಡುಗುತ್ತದೆ. ಅದಕ್ಕೇ ಕೆಲವರು ಮುಖ ಉಳಿಸಿಕೊಳ್ಳಲು ವಿಮರ್ಶೆಗೆ ಕಳಿಸಿ, ಇನ್ನೂ ನಾಲ್ಕು ತಿಂಗಳು ಕೂರಿಸಿ ಆಮೇಲೆ ತಿರಸ್ಕರಿಸುತ್ತಾರೆ. ಹಾಗೆ ಮಾಡಬೇಡಿ. ನಾನು ಬಳಸಿದ ಪತ್ರ ಹೀಗಿತ್ತು:

‘ನಿಮ್ಮ ಲೇಖನವನ್ನು ಇಂದು ಓದಿದೆ. ಇದು ನಮ್ಮ ಜರ್ನಲ್‌ನ ವ್ಯಾಪ್ತಿಗೆ ಬರುವುದಿಲ್ಲ. ಈ ಮಾತನ್ನು ಐದು ತಿಂಗಳ ಹಿಂದೆಯೇ ಹೇಳಬೇಕಿತ್ತು, ಹೇಳದಿದ್ದುದು ನಮ್ಮ ತಪ್ಪು, ಕ್ಷಮಿಸಿ. ಲೇಖನದ ಗುಣಮಟ್ಟದ ಬಗ್ಗೆ ನಾವು ಯಾವ ತೀರ್ಮಾನವನ್ನೂ ಮಾಡಿಲ್ಲ. ನೀವು ಇಂದೇ ಬೇರೆ ಕಡೆ ಕಳಿಸಬಹುದು.’

ಕಾರಣಗಳ ಪಟ್ಟಿ ಬೇಡ, ಹಿಂದಿನವರ ಹೆಸರು ಬೇಡ. ಇಂಥ ಹನ್ನೊಂದು ಪತ್ರ ಕಳಿಸಿದೆ. ಬೈದು ಬರೆದವರು ಒಬ್ಬರು, ಧನ್ಯವಾದ ಹೇಳಿದವರು ಆರು ಜನ.

ಇನ್ನು ಹದಿನಾಲ್ಕು ತಿಂಗಳ ಆ ಲೇಖನ. ವರದಿಗಳನ್ನು ಓದಿ, ಲೇಖನವನ್ನೂ ಓದಿ, ಸಣ್ಣ ತಿದ್ದುಪಡಿಯೊಂದಿಗೆ ಒಪ್ಪಿದ್ದೇವೆಂದು ಎರಡನೇ ದಿನವೇ ಬರೆದೆ. ಮಾರನೆಯ ದಿನ ಉತ್ತರ ಬಂತು. ಲೇಖನವನ್ನು ಎರಡು ತಿಂಗಳ ಹಿಂದೆಯೇ ಹಿಂತೆಗೆದುಕೊಂಡಿದ್ದೇವೆ, ಈಗ ಅದು ಬೇರೆ ಜರ್ನಲ್‌ನಲ್ಲಿ ವಿಮರ್ಶೆಯಲ್ಲಿದೆ ಎಂದು. ಹಿಂತೆಗೆತದ ಪತ್ರ ಹೋಗಿದ್ದು ಹಿಂದಿನ ಸಂಪಾದಕರ ಸ್ವಂತ ಇಮೇಲ್‌ಗೆ. ಅದನ್ನು ಅವರು ತೆರೆದೇ ಇರಲಿಲ್ಲ. ಹಿಂತೆಗೆತಕ್ಕೆ ಜರ್ನಲ್ ಒಪ್ಪಿಗೆ ಕೊಡುವವರೆಗೆ ಬೇರೆ ಕಡೆ ಕಳಿಸುವಂತಿಲ್ಲ ಎಂದು ನಿಯಮ ತೋರಿಸಬಹುದಿತ್ತು. ಮಂಡಳಿಯಲ್ಲಿ ಒಬ್ಬರು ಹಾಗೇ ಮಾಡಿ ಅಂದರು ಕೂಡ. ಪತ್ರಕ್ಕೆ ಉತ್ತರಿಸದೆ ಒಂಬತ್ತು ತಿಂಗಳು ಕೂತವರು ಯಾವ ಮುಖ ಇಟ್ಟುಕೊಂಡು ನಿಯಮ ಹೇಳುವುದು? ಕ್ಷಮೆ ಕೇಳಿ ಕಡತ ಮುಚ್ಚಿದೆ. ಆಮೇಲೆ ಆ ಲೇಖನ ಪ್ರಕಟವಾದದ್ದನ್ನು ಬೇರೆ ಜರ್ನಲ್‌ನಲ್ಲಿ ನೋಡಿದೆ, ಚೆನ್ನಾಗಿಯೇ ಇತ್ತು.

ತಂಡ

1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ವಿಜ್ಞಾನ ಪತ್ರಿಕೆ ಶುರುಮಾಡಿದ ಹೆನ್ರಿ ಓಲ್ಡನ್‌ಬರ್ಗ್ ಅದನ್ನು ತಮ್ಮ ಸ್ವಂತ ಉದ್ಯಮವಾಗಿ ನಡೆಸಿದರು, ಪತ್ರ ಬರೆಯುವುದು, ಆರಿಸುವುದು ಎಲ್ಲ ಅವರದೇ. ಹಾಗೆ ಒಬ್ಬರೇ ಎಲ್ಲ ಹೊರುವ ಆಸೆ ಈಗಲೂ ಕೆಲವು ಪ್ರಧಾನ ಸಂಪಾದಕರಿಗೆ ಇದೆ. ಎರಡೇ ವರ್ಷದಲ್ಲಿ ಸುಸ್ತಾಗಿ ಹೋಗುತ್ತಾರೆ.

ಎಲ್ಲರಿಗಿಂತ ಮೊದಲು ಮಾತಾಡಬೇಕಾದವರು ಮ್ಯಾನೇಜಿಂಗ್ ಎಡಿಟರ್ ಅಥವಾ ಕಚೇರಿ ನೋಡಿಕೊಳ್ಳುವವರು. ಯಾವ ಸಹ ಸಂಪಾದಕರು ಶುಕ್ರವಾರ ಸಂಜೆ ಎಲ್ಲವನ್ನೂ ಒಟ್ಟಿಗೆ ತಿರಸ್ಕರಿಸುತ್ತಾರೆ, ಯಾರು ಗೆಳೆಯರಿಗೇ ವಿಮರ್ಶೆಗೆ ಕಳಿಸುತ್ತಾರೆ, ಅವರಿಗೆ ಗೊತ್ತಿರುತ್ತದೆ. ಕೇಳುವವರಿಲ್ಲದೆ ಸುಮ್ಮನಿರುತ್ತಾರೆ, ಅಷ್ಟೇ.

ಸಂಪಾದಕ ಮಂಡಳಿಯ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ. ತೀರಿಕೊಂಡವರ ಹೆಸರು ಇರಬಹುದು, ತಾವು ಮಂಡಳಿಯಲ್ಲಿ ಇದ್ದೇವೆಂದೇ ಗೊತ್ತಿಲ್ಲದವರೂ ಇರಬಹುದು. ಪ್ರತಿಯೊಬ್ಬರಿಗೂ ಪತ್ರ ಬರೆದು, ಮುಂದಿನ ಮೂರು ವರ್ಷ ಮುಂದುವರಿಯುವಿರಾ, ವರ್ಷಕ್ಕೆ ಇಷ್ಟು ಲೇಖನ ನೋಡಿಕೊಡುವಿರಾ ಎಂದು ಕೇಳಿ. ಅರ್ಧದಷ್ಟು ಜನ ತಾವಾಗಿಯೇ ಸಂತೋಷದಿಂದ ಬಿಟ್ಟುಹೋಗುತ್ತಾರೆ, ಯಾರನ್ನೂ ತೆಗೆದುಹಾಕಿದಂತಾಗುವುದಿಲ್ಲ. ಖಾಲಿಯಾದ ಜಾಗಗಳನ್ನು ಕೂಡಲೇ ತುಂಬುವ ಅವಸರ ಬೇಡ. ಯಾವ ಉಪವಿಷಯದ ಲೇಖನಗಳು ವಿಮರ್ಶಕರಿಲ್ಲದೆ ನಿಲ್ಲುತ್ತಿವೆ ಎಂದು ಮೂರು ತಿಂಗಳು ನೋಡಿ. ಯಾವ ದೇಶಗಳಿಂದ ಲೇಖನ ಬರುತ್ತಿದೆ, ಮಂಡಳಿ ಎಲ್ಲಿಯದು, ಎಷ್ಟು ಮಹಿಳೆಯರಿದ್ದಾರೆ ಎಂಬುದನ್ನೂ ಹೋಲಿಸಿ ನೋಡಿ, ಆಮೇಲೆ ಆರಿಸಿ. ಒಳ್ಳೆಯ ವರದಿ ಬರೆಯುವ ಯುವ ವಿಮರ್ಶಕರಲ್ಲೇ ಒಳ್ಳೆಯ ಸಹ ಸಂಪಾದಕರು ಸಿಗುತ್ತಾರೆ. ದೊಡ್ಡ ಹೆಸರಿನವರು ಬಹುಮಟ್ಟಿಗೆ ಮುಖಪುಟಕ್ಕೆ ಸರಿ.

ತಂಡ ಒಂದೇ ಅಳತೆಗೋಲು ಹಿಡಿದಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಹಿಂದಿನ ವರ್ಷದ ಹತ್ತು ಲೇಖನಗಳ ಸಾರಾಂಶ ಮತ್ತು ಮೊದಲ ಚಿತ್ರ ತೆಗೆದು, ಲೇಖಕರ ಹೆಸರು ಅಳಿಸಿ ಎಲ್ಲ ಸಹ ಸಂಪಾದಕರಿಗೂ ಕಳಿಸಿ. ವಿಮರ್ಶೆಗೆ ಕಳಿಸುವಿರೋ, ನೇರ ವಾಪಸ್ಸೋ, ಒಂದು ಸಾಲಿನ ಕಾರಣ ಮಾತ್ರ ಬರೆಯಿರಿ ಎನ್ನಿ. ನಮ್ಮ ತಂಡದಲ್ಲಿ ಹತ್ತರಲ್ಲಿ ನಾಲ್ಕು ಲೇಖನಗಳ ಬಗ್ಗೆ ಅರ್ಧಕ್ಕರ್ಧ ಭಿನ್ನಮತ ಬಂತು. ಅಂದರೆ ಲೇಖನದ ಹಣೆಬರಹ ಅದು ಯಾರ ಕೈಗೆ ಬಿತ್ತು ಎಂಬುದರ ಮೇಲೆ ನಿಂತಿತ್ತು. ಆ ನಾಲ್ಕನ್ನು ಇಟ್ಟುಕೊಂಡು ಒಂದು ಗಂಟೆ ಮಾತಾಡಿದೆವು. ಬರೆದಿಟ್ಟ ಹತ್ತು ಪುಟದ ಮಾರ್ಗಸೂಚಿಗಿಂತ ಅದು ಹೆಚ್ಚು ಕೆಲಸ ಮಾಡಿತು.

ವಿಮರ್ಶಕರು

ಲೇಖಕರೇ ವಿಮರ್ಶಕರ ಹೆಸರು ಸೂಚಿಸುವ ಅವಕಾಶ ನಿಮ್ಮ ಜರ್ನಲ್‌ನಲ್ಲಿದ್ದರೆ ಎಚ್ಚರ. ನಿಜವಾದ ವಿಜ್ಞಾನಿಯ ಹೆಸರು, ಸುಳ್ಳು ಇಮೇಲ್: ಲೇಖಕರು ತಮ್ಮ ಲೇಖನವನ್ನು ತಾವೇ ವಿಮರ್ಶಿಸಿಕೊಂಡ ಪ್ರಕರಣಗಳು ಬೇಕಾದಷ್ಟಿವೆ. 2014ರಲ್ಲಿ ‘ಜರ್ನಲ್ ಆಫ್ ವೈಬ್ರೇಷನ್ ಅಂಡ್ ಕಂಟ್ರೋಲ್’ ಇಂಥ ಜಾಲವೊಂದರಿಂದ 60 ಲೇಖನಗಳನ್ನು ಹಿಂತೆಗೆದುಕೊಂಡಿತು. ಮರುವರ್ಷ ಪ್ರಕಾಶನ ಸಂಸ್ಥೆ ಬಯೋಮೆಡ್ ಸೆಂಟ್ರಲ್ 43 ಲೇಖನಗಳನ್ನು. ಸೂಚಿತ ಹೆಸರನ್ನು ಬಳಸಿ, ಆದರೆ ಇಮೇಲ್ ವಿಳಾಸವನ್ನು ಅವರ ಸಂಸ್ಥೆಯ ಪುಟದಿಂದ ಅಥವಾ ಪ್ರಕಟಿತ ಲೇಖನದಿಂದ ನೀವೇ ತೆಗೆದುಕೊಳ್ಳಿ. ಆಹ್ವಾನ ಹೋದ ಎರಡು ಗಂಟೆಯಲ್ಲಿ ಒಪ್ಪಿ, ಮಾರನೇ ದಿನ ಅರ್ಧ ಪುಟ ಹೊಗಳಿಕೆ ಕಳಿಸುವ ವಿಮರ್ಶಕರ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಹೆಸರು ನೋಡಿ ವಿಮರ್ಶೆ ಬಿಡುವ ಆಸೆಯೂ ಬರುತ್ತದೆ. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸನ್ ಗುರುತ್ವ ಅಲೆಗಳ ಬಗ್ಗೆ ಬರೆದ ಲೇಖನವನ್ನು ‘ಫಿಸಿಕಲ್ ರಿವ್ಯೂ’ ಸಂಪಾದಕ ಜಾನ್ ಟೇಟ್ ವಿಮರ್ಶಕರಿಗೆ ಕಳಿಸಿದರು. ಕೇಳದೆ ಬೇರೆಯವರಿಗೆ ತೋರಿಸಿದಿರೆಂದು ಐನ್‌ಸ್ಟೈನ್ ಸಿಟ್ಟಾಗಿ ಲೇಖನ ವಾಪಸ್ಸು ಪಡೆದರು. ವಿಮರ್ಶಕ ಎಚ್. ಪಿ. ರಾಬರ್ಟ್‌ಸನ್ ಹೇಳಿದ್ದು ಸರಿಯಿತ್ತು. ಮುಂದೆ ಬೇರೊಂದು ಪತ್ರಿಕೆಯಲ್ಲಿ ಬಂದಾಗ ಲೇಖನದ ತೀರ್ಮಾನವೇ ಬದಲಾಗಿತ್ತು. ಟೇಟ್ ಅವರ ಧೈರ್ಯವನ್ನು ನಾನು ಆಗಾಗ ನೆನೆಯುತ್ತೇನೆ, ಅದೂ ನಮ್ಮ ಮಂಡಳಿಯ ಹಿರಿಯರೊಬ್ಬರ ಲೇಖನ ಬಂದಾಗ.

ನಿರ್ಧಾರದ ಪತ್ರ ನಿಮ್ಮದಾಗಿರಲಿ

‘ವಿಮರ್ಶಕರ ಅಭಿಪ್ರಾಯಗಳನ್ನು ಲಗತ್ತಿಸಿದೆ, ಅದರಂತೆ ತಿದ್ದಿ’ ಎಂಬುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ವಿಮರ್ಶಕರಿಬ್ಬರೂ ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎಳೆಯುತ್ತಿದ್ದರೆ ಲೇಖಕರು ಯಾರ ಹಿಂದೆ ಹೋಗಬೇಕು? ಅದನ್ನು ಹೇಳುವುದಕ್ಕೇ ಸಂಪಾದಕರಿರುವುದು. ನಮ್ಮಲ್ಲಿ ಮೊದಲ ವಿಮರ್ಶಕರು ಹೊಸ ಪ್ರಯೋಗವೊಂದನ್ನು ಕೇಳಿದ್ದರು, ಎರಡನೆಯವರು ಲೇಖನವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಎಂದಿದ್ದರು. ಪತ್ರದಲ್ಲಿ ಹೀಗೆ ಬರೆದೆವು:

‘ಮೊದಲ ವಿಮರ್ಶಕರ ನಾಲ್ಕನೇ ಅಂಶದ ಪ್ರಯೋಗ ಈ ಲೇಖನಕ್ಕೆ ಬೇಡ. ಆ ಮಿತಿಯನ್ನು ಚರ್ಚೆಯ ಭಾಗದಲ್ಲಿ ಎರಡು ವಾಕ್ಯಗಳಲ್ಲಿ ಒಪ್ಪಿಕೊಂಡರೆ ಸಾಕು. ಎರಡನೇ ವಿಮರ್ಶಕರು ಕೇಳಿದ ಅಂಕಿಅಂಶ ವಿಶ್ಲೇಷಣೆ ಕಡ್ಡಾಯ. ಉದ್ದ ಇಳಿಸುವುದು ನಿಮಗೆ ಬಿಟ್ಟದ್ದು, ಆದರೆ ಪೀಠಿಕೆ ನಮಗೂ ಉದ್ದವೆನಿಸಿತು.’

ಯಾವುದು ಕಡ್ಡಾಯ, ಯಾವುದು ಐಚ್ಛಿಕ, ಯಾವುದು ಬೇಡ ಎಂಬ ಮೂರೂ ಅದರಲ್ಲಿದೆ. ಇಂಥ ಪತ್ರಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅದು ಉಳಿಸುವುದು ಇಡೀ ಒಂದು ಸುತ್ತು ವಿಮರ್ಶೆಯನ್ನು. ವಿಮರ್ಶಕರ ವರದಿಯಲ್ಲಿ ಲೇಖಕರನ್ನು ಹೀಯಾಳಿಸುವ ಸಾಲಿದ್ದರೆ ತೆಗೆಯುವಂತೆ ವಿಮರ್ಶಕರನ್ನೇ ಕೇಳಿ.

ದೂರು ಬಂದಾಗ

ಬರುತ್ತದೆ, ಬಹುಶಃ ಮೊದಲ ವರ್ಷವೇ. ಹತ್ತು ವರ್ಷದ ಹಿಂದಿನ ಲೇಖನದ ಎರಡು ಚಿತ್ರಗಳು ಒಂದೇ ಇವೆ ಎಂದು ಹೆಸರಿಲ್ಲದ ಯಾರೋ ಬರೆಯುತ್ತಾರೆ. ಹೆಸರಿಲ್ಲ ಎಂದು ಕಡೆಗಣಿಸಬೇಡಿ, ಚಿತ್ರ ನೋಡಿ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20,621 ಜೀವವೈದ್ಯಕೀಯ ಲೇಖನಗಳನ್ನು ಕಣ್ಣಿನಿಂದಲೇ ಪರಿಶೀಲಿಸಿದ್ದರು. ಶೇಕಡಾ 3.8ರಲ್ಲಿ ಚಿತ್ರಗಳ ಅನುಮಾನಾಸ್ಪದ ಪುನರಾವರ್ತನೆ ಸಿಕ್ಕಿತು. ನಿಮ್ಮ ಹಳೆಯ ಸಂಚಿಕೆಗಳು ಇದಕ್ಕೆ ಹೊರತೆಂದು ನಂಬಲು ಕಾರಣವಿಲ್ಲ.

ಸಂಪಾದಕರು ಪೊಲೀಸರಲ್ಲ. 1997ರಲ್ಲಿ ಶುರುವಾದ ಪ್ರಕಟಣಾ ನೈತಿಕತೆಯ ಸಮಿತಿ, ಎಲ್ಲರ ಬಾಯಲ್ಲಿ ‘ಕೋಪ್’, ಇಂಥ ಪ್ರಕರಣಗಳಿಗೆ ಹಂತ ಹಂತದ ನಕ್ಷೆಗಳನ್ನು ಮಾಡಿಟ್ಟಿದೆ. ಮುದ್ರಿಸಿ ಮೇಜಿನ ಮೇಲಿಡಿ. ಸಾರ ಇಷ್ಟು: ಮೊದಲು ಲೇಖಕರಿಗೆ ಆರೋಪದ ಧಾಟಿಯಿಲ್ಲದೆ ಬರೆದು ಮೂಲ ದತ್ತಾಂಶ ಕೇಳುವುದು. ಉತ್ತರ ಸಮಾಧಾನ ತರದಿದ್ದರೆ ಅವರ ಸಂಸ್ಥೆಗೆ ಬರೆಯುವುದು, ವಿಚಾರಣೆ ಅವರ ಕೆಲಸ. ಅದು ಎಳೆದಾಡಿದರೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ ಹಾಕುವುದು. ಕೊನೆಗೆ ತಿದ್ದುಪಡಿ ಅಥವಾ ರಿಟ್ರ್ಯಾಕ್ಷನ್, ಅಂದರೆ ಲೇಖನವನ್ನು ಕಾರಣ ಸಮೇತ ಹಿಂತೆಗೆದುಕೊಳ್ಳುವುದು. ಫೋನಿನಲ್ಲಿ ಏನನ್ನೂ ಇತ್ಯರ್ಥ ಮಾಡಬೇಡಿ. ಫೋನ್ ಬಂದರೆ ಮಾತಾಡಿ, ಆಮೇಲೆ ‘ನಾವು ಮಾತಾಡಿದ್ದು ಇದು’ ಎಂದು ಇಮೇಲ್ ಕಳಿಸಿ.

ಎಷ್ಟು ಬೇಗ? ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ ಒಂದರಲ್ಲೇ ಎರಡು ತುದಿಗಳು ಸಿಗುತ್ತವೆ. ಲಸಿಕೆ ಮತ್ತು ಆಟಿಸಂ ನಡುವೆ ನಂಟು ಸೂಚಿಸಿದ ವೇಕ್‌ಫೀಲ್ಡ್ ಲೇಖನ 1998ರ ಫೆಬ್ರವರಿಯಲ್ಲಿ ಬಂತು, ಪೂರ್ತಿ ಹಿಂತೆಗೆದದ್ದು 2010ರ ಫೆಬ್ರವರಿಯಲ್ಲಿ. ಆ ಹನ್ನೆರಡು ವರ್ಷದಲ್ಲಿ ಲಸಿಕೆಯ ಮೇಲಿನ ನಂಬಿಕೆಗೆ ಆದ ಹಾನಿ ಎಲ್ಲರಿಗೂ ಗೊತ್ತು. ಅದೇ ಜರ್ನಲ್ 2020ರ ಮೇ 22ರಂದು ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧದ ಬಗ್ಗೆ ಪ್ರಕಟಿಸಿದ ಲೇಖನವನ್ನು, ದತ್ತಾಂಶ ಒದಗಿಸಿದ ಕಂಪನಿ ಅದನ್ನು ತೋರಿಸಲು ಒಪ್ಪದಿದ್ದಾಗ, ಜೂನ್ 4ರಂದೇ ಹಿಂತೆಗೆಯಿತು. ನಿಮ್ಮ ಪ್ರಕರಣ ಇವೆರಡರ ನಡುವೆ ಎಲ್ಲೋ ಬೀಳುತ್ತದೆ. ತಿಂಗಳುಗಳಲ್ಲಿ ಎಣಿಸುವಂತಿರಲಿ, ವರ್ಷಗಳಲ್ಲಿ ಬೇಡ.

ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳನ್ನು ಪಿತ್ರಾರ್ಜಿತವಾಗಿ ಪಡೆದಿದ್ದರೆ ಪ್ರತಿಯೊಂದನ್ನೂ ತೆರೆದು ನೋಡಿ. 2023ರಲ್ಲಿ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ 8,000ಕ್ಕೂ ಹೆಚ್ಚು ಲೇಖನಗಳು ಹಿಂತೆಗೆತಕ್ಕೆ ಹೋದವು, ಬಹುಪಾಲು ವಿಶೇಷ ಸಂಚಿಕೆಗಳದ್ದೇ. ಹಣಕ್ಕೆ ಲೇಖನ ತಯಾರಿಸಿ ಮಾರುವವರಿಗೆ ಅದು ಹೆದ್ದಾರಿಯಾಗಿತ್ತು. ಓದುವಾಗ ವಿಚಿತ್ರ ಪದಗಳಿಗೆ ಕಣ್ಣಿಡಿ. ಕೃತಿಚೌರ್ಯ ಹಿಡಿಯುವ ತಂತ್ರಾಂಶದಿಂದ ತಪ್ಪಿಸಿಕೊಳ್ಳಲು ಪದ ಬದಲಿಸುತ್ತಾ ಹೋಗಿ, ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’, ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬೋಸಮ್ ಪೆರಿಲ್’ ಆದ ಉದಾಹರಣೆಗಳು ಪ್ರಕಟಿತ ಲೇಖನಗಳಲ್ಲೇ ಸಿಕ್ಕಿವೆ. ಓದಿದವರು ಯಾರಾದರೂ ಇದ್ದಿದ್ದರೆ ನಗದೆ ಬಿಡುತ್ತಿರಲಿಲ್ಲ.

ನಿಮ್ಮ ಸ್ವಂತ ಲೇಖನ, ನಿಮ್ಮ ವಿದ್ಯಾರ್ಥಿಯ ಲೇಖನ

ನಿಮ್ಮ ಅವಧಿಯಲ್ಲಿ ನಿಮ್ಮದೇ ಜರ್ನಲ್‌ಗೆ ಸಂಶೋಧನಾ ಲೇಖನ ಕಳಿಸದಿರುವುದು ಒಳ್ಳೆಯದು. ಸಣ್ಣ ಕ್ಷೇತ್ರವಾಗಿ ಬೇರೆ ದಾರಿಯೇ ಇಲ್ಲದಿದ್ದರೆ, ವ್ಯವಸ್ಥೆಯೊಳಗೆ ಆ ಕಡತ ನಿಮಗೆ ಕಾಣದಂತೆ ಮಾಡಿಸಿ, ಬೇರೆಯವರು ನಿರ್ಧರಿಸಲಿ, ಪ್ರಕಟವಾದಾಗ ಆ ಮಾತು ಲೇಖನದಲ್ಲೇ ಇರಲಿ. ವಿದ್ಯಾರ್ಥಿಗಳು, ಇತ್ತೀಚಿನ ಸಹಲೇಖಕರು, ಒಂದೇ ವಿಭಾಗದವರು, ಎಲ್ಲರಿಗೂ ಇದೇ ನಿಯಮ.

ಜರ್ನಲ್‌ನ ಪ್ರಭಾವ ಅಳೆಯಲು ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಲೆಕ್ಕ ಸರಳ: ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದದ್ದಕ್ಕೆ ಈ ವರ್ಷ ಸಿಕ್ಕ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. ಅಂದರೆ ಇಂದು ನೀವು ಒಪ್ಪಿಕೊಂಡ ಲೇಖನದ ಫಲ ಕಾಣುವುದು ನೀವು ಹುದ್ದೆ ಬಿಡುವ ಹೊತ್ತಿಗೆ. ಲೇಖಕರಿಗೆ ‘ನಮ್ಮ ಜರ್ನಲ್‌ನ ಲೇಖನಗಳನ್ನೂ ಉಲ್ಲೇಖಿಸಿ’ ಎಂದು ಬರೆಯುವ ಸಹ ಸಂಪಾದಕರಿದ್ದರೆ ಆ ಅಭ್ಯಾಸವನ್ನು ಅಂದೇ ನಿಲ್ಲಿಸಿ.

ಈಗ ಬದಲಾವಣೆ

ಆರು ತಿಂಗಳು ಕಳೆದಿದೆ, ಪಟ್ಟಿಯ ತಲೆಯಲ್ಲಿರುವ ಲೇಖನಕ್ಕೆ ಮೂರು ತಿಂಗಳಿಗಿಂತ ಹೆಚ್ಚು ವಯಸ್ಸಿಲ್ಲ. ಈಗ ನಿಮ್ಮ ಯೋಜನೆ ಹೊರತೆಗೆಯಿರಿ. ಒಂದು ಸಲಕ್ಕೆ ಒಂದು. ಫಲಿತಾಂಶ ಬರುವ ಮೊದಲೇ ಅಧ್ಯಯನದ ವಿಧಾನವನ್ನು ವಿಮರ್ಶಿಸಿ ಒಪ್ಪುವ ‘ರಿಜಿಸ್ಟರ್ಡ್ ರಿಪೋರ್ಟ್’ ಪದ್ಧತಿಯನ್ನು ‘ಕಾರ್ಟೆಕ್ಸ್’ ಜರ್ನಲ್ 2013ರಲ್ಲಿ ತಂದದ್ದು ಹೊಸದೊಂದು ಬಗೆಯ ಲೇಖನವಾಗಿ, ಹಳೆಯದರ ಪಕ್ಕದಲ್ಲಿ. ಹಾಗೆ ಪಕ್ಕದಲ್ಲಿಟ್ಟು ನೋಡುವುದು ಜಾಣತನ. ಹೊಸ ನಿಯಮ ಯಾವುದೇ ಇರಲಿ, ದಿನಾಂಕ ಹಾಕಿ, ಆ ದಿನದ ನಂತರ ಬರುವ ಲೇಖನಗಳಿಗೆ ಮಾತ್ರ ಅನ್ವಯಿಸಿ. ಆಟದ ನಡುವೆ ಗೆರೆ ಸರಿಸಿದರೆ ಲೇಖಕರು ಸುಮ್ಮನಿರುವುದಿಲ್ಲ.

ಎಐ ಬಗ್ಗೆ ನೀತಿ ಇಲ್ಲದಿದ್ದರೆ ಅದನ್ನು ಮಾತ್ರ ಕಾಯದೆ ಬರೆಯಿರಿ. ಎಐ ಸಾಧನ ಲೇಖಕರಾಗುವಂತಿಲ್ಲ, ಹೊಣೆ ಹೊರಲು ಅದಕ್ಕೆ ಸಾಧ್ಯವಿಲ್ಲ ಎಂದು ಕೋಪ್ ಹೇಳಿದೆ. ಬಳಸಿದ್ದನ್ನು ಲೇಖಕರು ತಿಳಿಸಬೇಕು. ವಿಮರ್ಶಕರು ಗೋಪ್ಯ ಹಸ್ತಪ್ರತಿಯನ್ನು ಚಾಟ್‌ಬಾಟ್‌ಗೆ ಹಾಕಬಾರದೆಂಬ ಸಾಲು ಆಹ್ವಾನ ಪತ್ರದಲ್ಲೇ ಇರಲಿ, ಬೇರೆಡೆ ಬರೆದರೆ ಯಾರೂ ಓದುವುದಿಲ್ಲ.

ಕೊನೆಯ ಕೆಲಸವನ್ನು ಮೊದಲ ದಿನವೇ ಶುರುಮಾಡಿ: ನಿಮ್ಮ ನಂತರ ಬರುವವರಿಗೆ ಒಂದು ಕಡತ. ಕೊಟ್ಟ ಮಾತುಗಳು, ನಡೆಯುತ್ತಿರುವ ದೂರುಗಳು, ಖಾತೆಗಳು, ನವೀಕರಣದ ದಿನಾಂಕಗಳು, ಯಾರಿಗೆ ಏಕೆ ಇಲ್ಲ ಅಂದಿರಿ ಎಂಬುದು. ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ನನ್ನ ಕಡತದ ಮೊದಲ ನಮೂದು ಒಂದೇ ಸಾಲು: ‘ಹಿಂತೆಗೆತದ ಪತ್ರಗಳು ಬರುವ ವಿಳಾಸ ಇದು, ದಿನಾ ಬೆಳಿಗ್ಗೆ ತೆರೆದು ನೋಡಿ, ಸ್ಪ್ಯಾಮ್ ಫೋಲ್ಡರನ್ನೂ.’